ಎರಡು ಕಡೆಯ ವೀಳ್ಯ

ನನಗೆ ಇಲ್ಲ ಎನ್ನಲು ಬರುವುದಿಲ್ಲ. ಇದನ್ನು ನಾನು ಬಹಳ ವರ್ಷ ಸೌಜನ್ಯ ಎಂದುಕೊಂಡಿದ್ದೆ. ಪುಕ್ಕಲುತನ ಎಂದು ನನ್ನ ಹೆಂಡತಿ ರತ್ನ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಊರಿಗಾಮಿನ ಚಿನ್ನದ ಗಣಿ ಕಚೇರಿಯಲ್ಲಿ ಹಾಜರಿ ಬರೆಯುವ ಗುಮಾಸ್ತ ನಾನು. ರಜೆ ಕೇಳಲು ಬಂದವರಿಗೂ ಹೂಂ ಎನ್ನುತ್ತಿದ್ದೆ, ಯಾರಿಗೂ ರಜೆ ಕೊಡಬೇಡ ಎಂದ ಸಾಹೇಬರಿಗೂ ಹೂಂ ಎನ್ನುತ್ತಿದ್ದೆ. ಇಡೀ ಪ್ರಪಂಚದಲ್ಲಿ ನಾನು ಧೈರ್ಯವಾಗಿ ಇಲ್ಲ ಎನ್ನುತ್ತಿದ್ದದ್ದು ನನ್ನ ಮಗಳು ವನಜಾಗೆ ಮಾತ್ರ. ಅವಳಿಗೂ ನೇರವಾಗಿ ಹೇಳುತ್ತಿರಲಿಲ್ಲ, 'ನೋಡೋಣ' ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ವನಜಾ ಪಿಯುಸಿ ಮುಗಿಸಿ ಕೆಜಿಎಫ್ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತೇನೆಂದು ಅರ್ಜಿ ತಂದಿದ್ದಳು. ನಮ್ಮ ಹಳ್ಳಿಯಿಂದ ಬಂಗಾರಪೇಟೆಗೆ ಎರಡು ಮೈಲಿ ನಡಿಗೆ, ಅಲ್ಲಿಂದ ಗಣಿಯ ಕಡೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲು. ಆ ರೈಲಿನಲ್ಲಿ ಹುಡುಗಿ ಓಡಾಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಂಥದ್ದೇನಿದೆ ಆ ರೈಲಿನಲ್ಲಿ ಎಂದು ರತ್ನ ಕೇಳಿದಳು. ಇಪ್ಪತ್ತು ವರ್ಷದಿಂದ ದಿನಾ ಆ ರೈಲಿನಲ್ಲಿ ಇದ್ದದ್ದು ನಾನೇ. "ಎಲೆಕ್ಷನ್ ಮುಗೀಲಿ, ನೋಡೋಣ" ಎಂದೆ. ಅರ್ಜಿ ಕೊಡಲು ಕೊನೆಯ ದಿನ ಮತದಾನದ ಮಾರನೆಯ ದಿನವೇ ಇತ್ತು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಎಲೆಕ್ಷನ್ ಎಂದರೆ ವಿಧಾನಸಭೆಯ ಉಪಚುನಾವಣೆ. ನಿಂತವರು ಹಲವರಿದ್ದರೂ ಜಟಾಪಟಿ ಇದ್ದದ್ದು ಎರಡೇ ಪಕ್ಷಗಳ ನಡುವೆ. ಒಂದರ ಗುರುತು ಒರಳು, ಇನ್ನೊಂದರದು ಒನಕೆ. ಎರಡೂ ಮೊದಲು ಒಂದೇ ಪಕ್ಷವಾಗಿದ್ದವಂತೆ. ಯಾವುದೋ ಸಭೆಯಲ್ಲಿ ತೆಂಗಿನಕಾಯಿಯನ್ನು ಭಾಷಣಕ್ಕೆ ಮುಂಚೆ ಒಡೆಯಬೇಕೋ ಆಮೇಲೆ ಒಡೆಯಬೇಕೋ ಎಂದು ಜಗಳ ಬಂದು ಇಬ್ಭಾಗವಾದವಂತೆ. ಒರಳಿನವರು ಹಿರಿಯರ ಕಾಲವನ್ನು ಮತ್ತೆ ತರುತ್ತೇವೆ ಎಂದರು. ಒನಕೆಯವರು ಆ ಹಿರಿಯರ ಹಿರಿಯರ ಕಾಲವನ್ನೇ ತರುತ್ತೇವೆ ಎಂದರು. ಆ ಹಿರಿಯರ ಕಾಲದಲ್ಲಿ ನಮ್ಮೂರಿನಲ್ಲಿ ಕರೆಂಟೂ ಇರಲಿಲ್ಲ, ಆಸ್ಪತ್ರೆಯೂ ಇರಲಿಲ್ಲ. ಆದರೆ ಆ ಕಾಲ ತರುತ್ತೇವೆಂದು ಮೈಕಿನಲ್ಲಿ ಹೇಳಲು ಇಬ್ಬರಿಗೂ ಕರೆಂಟು ಬೇಕಾಗಿತ್ತು. ಇಬ್ಬರ ಕರಪತ್ರಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಒಂದೇ ಪ್ರೆಸ್ಸಿನಲ್ಲಿ ಅಚ್ಚಾಗಿದ್ದವು, ಒಂದೇ ಕಡೆ ಅಕ್ಷರ ಮಾಸಿತ್ತು. ಇಂಥವರಲ್ಲಿ ಒಬ್ಬನನ್ನು ಆರಿಸುವುದಕ್ಕೆ ನನ್ನಂಥ ಬುದ್ಧಿವಂತ ಬೇಕೇ ಎಂದು ಊಟಕ್ಕೆ ಕುಳಿತಾಗಲೆಲ್ಲ ಬೈಯುತ್ತಿದ್ದೆ. ಮನೆಯ ಹೆಂಗಸರು ಕೇಳುತ್ತಿದ್ದರು, ಬಡಿಸುತ್ತಿದ್ದರು.

ನಮ್ಮ ಕಡೆ ಓಟು ಕೇಳುವುದಕ್ಕೆ ಒಂದು ಕ್ರಮವಿದೆ. ಅಭ್ಯರ್ಥಿಯ ಕಡೆಯವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬರುತ್ತಾರೆ. ಮನೆಯ ಯಜಮಾನ ಆ ವೀಳ್ಯ ಹಿಡಿದರೆ ಮನೆಯ ಓಟುಗಳಷ್ಟೂ ಅವರದಾದ ಹಾಗೆ. ನಮ್ಮ ಮನೆಯಲ್ಲಿ ನನ್ನದು, ಅಮ್ಮನದು, ರತ್ನಳದು, ಜೊತೆಗೆ ಹದಿನೆಂಟಕ್ಕೇ ಓಟು ಎಂದು ಸರ್ಕಾರ ಆಗಷ್ಟೇ ಮಾಡಿದ್ದರಿಂದ ವನಜಾಳದೂ ಸೇರಿ ನಾಲ್ಕು ಓಟು. ಭಾನುವಾರ ಒರಳಿನವರು ಮನೆಗೇ ಬಂದು ತಟ್ಟೆ ಚಾಚಿದರು. ಇಲ್ಲ ಎನ್ನಲಾಗದೆ ಹಿಡಿದೆ. ಸೋಮವಾರ ಬೆಳಗ್ಗೆ ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಒನಕೆಯವರು ತಟ್ಟೆ ಚಾಚಿದರು. ರೈಲು ಬೇರೆ ಬಂದುಬಿಟ್ಟಿತ್ತು. ಅದನ್ನೂ ಹಿಡಿದು ಹತ್ತಿದೆ.

ಸಂಜೆ ಜೇಬಿನಿಂದ ಎರಡನೆಯ ವೀಳ್ಯ ತೆಗೆದಾಗ ರತ್ನ ಸೊಂಟದ ಮೇಲೆ ಕೈಯಿಟ್ಟಳು.

"ನಾಕು ಓಟೂ ಎಲ್ಡು ಕಡೀಕೂ ಒಪ್ಪಿಸ್ಬಿಟ್ಟು ಬಂದ್ರಾ? ನಮ್ಮನ್ನ ಒಂದ್ ಮಾತಾದ್ರೂ ಕೇಳಿದ್ರಾ?"

"ಅದರಲ್ಲಿ ಕೇಳೋದೇನಿದೆ? ಇಬ್ಬರೂ ಒಂದೇ ಥರದ ಕಳ್ಳರು" ಎಂದೆ.

ಅಮ್ಮ ಆಗಲೇ ಎಲೆಗೆ ಸುಣ್ಣ ಸವರುತ್ತಿದ್ದಳು. ನಿನ್ನೆಯದಕ್ಕಿಂತ ಇದು ಎಳೆಯ ಎಲೆ ಎಂದು ಅವಳು ಹೇಳಿದ್ದೇ ಆ ಇಡೀ ಚುನಾವಣೆಯಲ್ಲಿ ನಾನು ಕೇಳಿದ ಒಂದೇ ಒಂದು ಸ್ಪಷ್ಟವಾದ ವ್ಯತ್ಯಾಸ.

ಮತದಾನಕ್ಕೆ ಎರಡು ದಿನ ಇರುವಾಗ ಬೆಳಗ್ಗೆ, ಅಮ್ಮ ಹಾಲು ಕರೆಯುತ್ತಿದ್ದ ಹೊತ್ತಿಗೆ, ಇಬ್ಬರು ಅಭ್ಯರ್ಥಿಗಳೂ ಒಟ್ಟಿಗೆ ನಮ್ಮ ಬಾಗಿಲಿಗೆ ಬಂದುಬಿಟ್ಟರು. ಸ್ಪರ್ಧೆ ಎಷ್ಟು ಬಿಗಿಯಾಗಿತ್ತೆಂದರೆ ನಾಲ್ಕು ಓಟಿನ ಮನೆಗೂ ಖುದ್ದಾಗಿ ಬರಬೇಕಾಗಿತ್ತು. ಇಬ್ಬರದೂ ಒಂದೇ ಮಾತು: ಈ ಮನೆಯ ವೀಳ್ಯ ನಮ್ಮದು. ನಾನು ಕಂಬಕ್ಕೆ ಆತು ನಿಂತು ಇಬ್ಬರಿಗೂ ಹೂಂ, ಹೂಂ ಎನ್ನುತ್ತಿದ್ದೆ. ಅಮ್ಮ ಚೆಂಬು ಹಿಡಿದು ಎದ್ದು ಬಂದಳು.

"ಎಲ್ಡು ವೀಳ್ಯಾನೂ ನಾನೇ ಆಕ್ಕಂಡೆ ಕಣ್ರಪ್ಪಾ. ನನ್ ಮಗನ್ನ ಯಾಕೆ ಇಡ್ಕಂತೀರಿ. ನಂದೊಂದು ಮಾತದೆ, ಅದನ್ನ ಏಳಿ. ನಮ್ಮ ವನಜ ರೈಲಾಗೆ ಓಗಿ ಕಾಲೇಜು ಓದ್ತೀನಂತಾಳೆ. ನೀವೇನಂತೀರಿ?"

ಒರಳಿನವರು ಮೊದಲು ಕೈಮುಗಿದರು. "ಅಜ್ಜೀ, ಎಣ್ಮಕ್ಕಳು ಅಂದ್ರೆ ನಮಗೆ ದೇವರ ಸಮಾನ. ದೇವರನ್ನ ಯಾರಾನ ರೈಲಿನಾಗೆ ಕಳಿಸ್ತಾರಾ?"

"ಇದೊಂದು ಮಾತು ಮಾತ್ರ ಅವ್ರು ಸರಿಯಾಗಿ ಏಳವ್ರೆ" ಎಂದರು ಒನಕೆಯವರು. "ಮನೆಯಾಗೆ ಕೂತು ಒಲಿಗೆ ಕಲೀಲಿ. ಮಿಷನ್ನು ನಾವು ಕೊಡಿಸ್ತೀವಿ."

"ಮಿಷನ್ನು ನಾವೂ ಕೊಡಿಸ್ತೀವಿ" ಎಂದರು ಒರಳಿನವರು.

ಬಾಗಿಲ ಹಿಂದಿನಿಂದ ವನಜಾ ಮೆಲ್ಲಗೆ ಕೇಳಿದಳು: "ಹೋದ ತಿಂಗಳು ದೇವರನ್ನ ಟ್ರ್ಯಾಕ್ಟರ್ ಮೇಲೆ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದ್ರಲ್ಲ ಸಾರ್, ಆ ಟ್ರ್ಯಾಕ್ಟರ್ ನಿಮ್ಮದೇ ಅಲ್ವಾ?"

ಒರಳಿನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. ಒನಕೆಯವರು ನಗಲು ಹೊರಟು, ಹುಡುಗಿಯ ಮಾತಿಗೆ ನಗುವುದು ತಮ್ಮ ಪಕ್ಷಕ್ಕೂ ಒಳ್ಳೆಯದಲ್ಲವೆಂದು ಹೊಳೆದು ಕೆಮ್ಮಿದರು. ತೆಂಗಿನಕಾಯಿಯ ಜಗಳವಾದಂದಿನಿಂದ ಈ ಇಬ್ಬರೂ ಒಂದು ಮಾತನ್ನು ಒಪ್ಪಿದ್ದು ಇದೇ ಮೊದಲಂತೆ. ಎರಡು ವಾರದಿಂದ ಇವರನ್ನು ವಾಚಾಮಗೋಚರವಾಗಿ ಬೈದಿದ್ದ ನನಗೆ ಆ ಗಳಿಗೆಯಲ್ಲಿ ಎಷ್ಟು ಹಾಯೆನಿಸಿತೆಂದರೆ, ಸಾಧ್ಯವಿದ್ದರೆ ಇಬ್ಬರಿಗೂ ಒಂದೊಂದು ಓಟು ಹಾಕಿಬಿಡುತ್ತಿದ್ದೆ. ನನ್ನ ತಲೆ ತಾನಾಗಿಯೇ ಹೌದು ಹೌದೆಂದು ಆಡುತ್ತಿತ್ತು. ರತ್ನ ಅದನ್ನು ನೋಡಿದಳು.

ಅವರು ಹೋದ ಮೇಲೆ ವನಜಾ ನನ್ನ ಎದುರು ಬಂದು ನಿಂತಳು. "ಅಪ್ಪಾ, ಅವರನ್ನ ಅಷ್ಟೊಂದು ಬೈತಿದ್ರಿ. ಈಗ ಅವರ ಮಾತಿಗೆ ತಲೆ ಆಡಿಸ್ತಾ ಇದ್ರಿ. ನೀವು ಯಾವ ಪಾರ್ಟಿ?"

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ತಂದೆಯಾದವನು ಏನು ಮಾಡಬೇಕೋ ಅದನ್ನೇ ಮಾಡಿದೆ. ಹಸುವಿಗೆ ಹುಲ್ಲು ಹಾಕಿಲ್ಲವೆಂದು ಅವಳನ್ನು ಗದರಿಸಿದೆ. ಹುಲ್ಲು ಹಾಕಿಯೇ ಇತ್ತು. ಅವಳು ಹೋಗಿ ಇನ್ನೊಂದು ಹಿಡಿ ಹಾಕಿ ಬಂದಳು.

ಮತದಾನದ ದಿನ ಮೂವರು ಹೆಂಗಸರೂ ಒಟ್ಟಿಗೆ ಶಾಲೆಗೆ ಹೋಗಿ ಓಟು ಹಾಕಿ ಬಂದರು. ಯಾರಿಗೆ ಎಂದು ಕೇಳಿದೆ. ಗುಟ್ಟಾಗಿ ಹಾಕಬೇಕಂತೆ, ಪೋಲೀಸಿನವರು ಹೇಳಿದರು ಎಂದಳು ರತ್ನ. ನನ್ನ ಪ್ರತಾಪವನ್ನೂ ಹೇಳಿಬಿಡುತ್ತೇನೆ. ರಟ್ಟಿನ ಮರೆಯಲ್ಲಿ ನಿಂತು ಒರಳನ್ನು ನೋಡಿದೆ, ಒನಕೆಯನ್ನು ನೋಡಿದೆ, ಒಬ್ಬರಿಗೆ ಹಾಕಿದರೆ ಇನ್ನೊಬ್ಬರು ಏನಂದುಕೊಂಡಾರೋ ಎಂದು ಆ ಮರೆಯಲ್ಲೂ ಅಂಜಿದೆ. ಕೊನೆಗೆ ಎರಡರ ನಡುವಿನ ಗೆರೆಯ ಮೇಲೆ ಮುದ್ರೆ ಒತ್ತಿದೆ. ಲೆಕ್ಕಕ್ಕೆ ಬಾರದ ಅಂಥ ಓಟನ್ನು ಪತ್ರಿಕೆಯವರು ಕುಲಗೆಟ್ಟ ಮತ ಎನ್ನುತ್ತಾರೆ.

ಮಾರನೆಯ ದಿನ ಬೇಗನೆ ರೈಲಿಗೆ ಹೋದೆ. ಅರ್ಜಿಯ ಮಾತು ಬಂದೀತೆಂದು ತಿಂಡಿಯನ್ನೂ ತಿನ್ನಲಿಲ್ಲ. ಇವತ್ತೊಂದು ದಿನ ಕಳೆದರೆ ಕೊನೆಯ ದಿನ ತಾನಾಗಿ ಮುಗಿದು, ನಾನು ಬೇಡ ಅಂದೆ ಎಂಬ ಅಪವಾದವೂ ಬರುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಸಂಜೆ ಬಂದರೆ ಮನೆಯಲ್ಲಿ ಅಮ್ಮ ಒಬ್ಬಳೇ ಕೂತಿದ್ದಳು.

"ಎಲ್ಲಿ ಇವರೆಲ್ಲ?"

"ಮಧ್ಯಾನದ ರೈಲಿಗೆ ಓದ್ರು. ಅರ್ಜಿ ಕೊಟ್ಟು ಬತ್ತಾರೆ. ತಂದೆ ಇಲ್ಲಾಂದ್ರೆ ತಾಯಿ ಸಯ್ಯಿ ಆಕ್ಬೌದು ಅಂತ ಅದ್ರಾಗೇ ಅಚ್ಚಾಗೈತಂತೆ. ರತ್ನ ಆಕಿದ್ಲು."

"ಯಾರನ್ನ ಕೇಳಿ ಹೋದರು?" ಎಂದು ಗುಡುಗಿದೆ. ನಾನು ಗುಡುಗಿದ್ದು ಅಪರೂಪವಾದ್ದರಿಂದ ಕೊಟ್ಟಿಗೆಯ ಹಸು ಸಹ ತಿರುಗಿ ನೋಡಿತು.

ಅಮ್ಮ ತಿರುಗಲಿಲ್ಲ. "ನೀನು ವೀಳ್ಯ ಇಡಿಯೋವಾಗ ಯಾರನ್ನ ಕೇಳಿದ್ಯಲಾ?" ಎಂದಳು.

ಒನಕೆ ಬೆರಳೆಣಿಕೆಯ ಓಟುಗಳ ಅಂತರದಲ್ಲಿ ಗೆದ್ದಿತು. ಗೆದ್ದವರು ಸಿಕ್ಕಾಗ ನಿಮ್ಮ ಮನೆಯ ನಾಲ್ಕು ಓಟಿನಿಂದಲೇ ಬಚಾವಾದೆವು ಎಂದು ನನ್ನ ಬೆನ್ನು ತಟ್ಟಿದರು. ಸೋತವರು ನಿನ್ನ ಮನೆಯ ನಾಲ್ಕು ಓಟಿನಿಂದಲೇ ಹಾಳಾದೆವು ಎಂದು ಮುಖ ತಿರುಗಿಸಿದರು. ನನ್ನದೊಂದು ಕುಲಗೆಟ್ಟಿತ್ತು, ಉಳಿದ ಮೂರು ಎಲ್ಲಿ ಹೋದವು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಗೆದ್ದ ಮಹಾಶಯರು ಒಂದು ತಿಂಗಳೊಳಗೆ ಹಿಂದಿನವರು ಹಾಕಿಸಿದ್ದ ಬೋರ್‌ವೆಲ್ಲಿಗೆ ಹೊಸ ಬಣ್ಣ ಬಳಿಸಿ, ಹಾರ ಹಾಕಿಸಿ, ತಾವೇ ಕೊರೆಸಿದ ಹಾಗೆ ಉದ್ಘಾಟನೆ ಮಾಡಿದರು. ಇಷ್ಟು ನಾಚಿಕೆಗೆಟ್ಟ ಜನವನ್ನು ನಾನು ಎಲ್ಲೂ ನೋಡಿಲ್ಲ ಎಂದು ಅವತ್ತು ರೈಲಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

ವನಜಾ ಆಗ ಅದೇ ರೈಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ, ದಿನಾ ಕಾಲೇಜಿಗೆ ಹೋಗುತ್ತಿದ್ದಳು. ಒಂದು ದಿನ ಊರಿಗಾಂ ಸ್ಟೇಷನ್ನಿನಲ್ಲಿ ಅವಳು ಕಿಟಕಿಯಿಂದ ನನಗೆ ಕೈಬೀಸಿದ್ದನ್ನು ನನ್ನ ಕಚೇರಿಯ ಸೆಲ್ವರಾಜ್ ನೋಡಿದ. ಗಣಿಯ ಪಕ್ಕದ ಆಂಡರ್ಸನ್‌ಪೇಟೆಯವನು, ಅವನ ಮನೆಯಲ್ಲೂ ಓದುವ ಮಗಳಿದ್ದಳು.

"ಪೆರಿಯ ಮನಸು, ದೊಡ್ಡ ಮನಸು ಸಾರ್ ನಿಮ್ದು" ಎಂದ. "ಹಳ್ಳಿಯಿಂದ ಹೆಣ್ಣು ಮಗೂನ ಕಾಲೇಜಿಗೆ ಕಳಿಸ್ತಾ ಇದೀರಿ. ನಮ್ಗೇ ಇನ್ನೂ ಧೈರ್ಯ ಬರ್ಲಿಲ್ಲ."

ಇಲ್ಲ ಎನ್ನಲು ನನಗೆ ಬರುವುದಿಲ್ಲವಲ್ಲ. ಅವನ ಖರ್ಚಿನಲ್ಲೇ ಚಹಾ ಕುಡಿಯುತ್ತ, ಹೆಣ್ಣುಮಕ್ಕಳ ವಿದ್ಯೆಯ ವಿಷಯದಲ್ಲಿ ನನ್ನ ನಿಲುವು ಮೊದಲಿನಿಂದಲೂ ಒಂದೇ ಎಂದೆ. ಮನೆಯಲ್ಲಿ ಸ್ವಲ್ಪ ವಿರೋಧವಿತ್ತು, ಗಟ್ಟಿಯಾಗಿ ನಿಂತು ಎದುರಿಸಿದೆ ಎಂದೂ ಸೇರಿಸಿದೆ. ಆ ವಿರೋಧ ಯಾರದೆಂದು ಸೆಲ್ವರಾಜ್ ಕೇಳಲಿಲ್ಲ. ಕೇಳಿದ್ದರೆ ಅಮ್ಮನ ಹೆಸರು ಹೇಳುತ್ತಿದ್ದೆ.