ಉಂಡೇ ಬಂದೀನಿ

ಜವಳಗೇರಾದಲ್ಲಿ ಯಾರನ್ನೂ ಬರಿ ಹೊಟ್ಟೆಯಲ್ಲಿ ಊರು ಬಿಡಗೊಡುವುದಿಲ್ಲ. ಯಂಕೋಬನ ಪಜೀತಿ ಶುರುವಾದದ್ದೇ ಇದರಿಂದ.

ಕೆಲವು ವರ್ಷದ ಹಿಂದೆ ಅವನಿಗೆ ಬೈಪಾಸ್ ಆಗಿತ್ತು. ಈಗ ರಕ್ತನಾಳ ಮತ್ತೆ ಕಿರಿದಾಗಿ, ಕಾಲುವೆಯ ಏರಿ ಹತ್ತಿದರೆ ಸಾಕು, ಎದೆ ಹಿಡಿಯುತ್ತಿತ್ತು. ಸಿಂಧನೂರಿನ ಡಾಕ್ಟರ್ ಭಾರತಿ ಧೈರ್ಯ ಹೇಳಿದ್ದರು: "ಎದಿ ಮತ್ತ ಕೊಯ್ಯೋದಿಲ್ರಿ. ಸಣ್ಣ ಬಲೂನು ಒಳಗ ಕಳಿಸಿ, ಉಬ್ಬಿಸಿ, ದಾರಿ ಅಗಲ ಮಾಡ್ತೀವಿ. ಆದ್ರ ಖಾಲಿ ಹೊಟ್ಟೀಲೆ ಬರ್ರಿ." ನಾಟಿಯ ಹೊತ್ತಿಗೆ ಗದ್ದೆಗೆ ಇಳಿಯಬಹುದು ಅಂತ ಯಂಕೋಬನಿಗೆ ಜೀವ ಬಂದಂತಾಗಿತ್ತು.

ಆದರೆ ಹೋದ ಸಲ ಹೊರಟಾಗ ಪಕ್ಕದ ಮನೆ ಮಾರೆಮ್ಮ ಬಿಡಬೇಕಲ್ಲ! "ಉಪಾಸ ಕಳಿಸಿದ್ರ ನಮ್ಮ ಓಣಿ ಮಾರಿ ಎಲ್ಲಿಡಬೇಕು?" ಅಂತ ಮೊಸರನ್ನ ಬಾಯಿಗೇ ತುರುಕಿದ್ದಳು. ಆವತ್ತಿನ ಬಲೂನು ಅಲ್ಲಿಗೇ ಮುಗಿದಿತ್ತು.

ಈ ಸಲ ಹೆಂಡತಿ ಯಮನಮ್ಮ ಉಪಾಯ ಹೇಳಿಕೊಟ್ಟಳು. "ಉಪಾಸ ಅನಬ್ಯಾಡ್ರಿ, ವಾದಕ್ಕ ನಿಲ್ತಾರ. ಉಂಡೀನಿ ಅನ್ರಿ, ಮುಗೀತು."

ಅಂಗಳ ದಾಟುವಷ್ಟರಲ್ಲಿ ಮಾರೆಮ್ಮ ಡಬ್ಬಿ ಹಿಡಿದು ನಿಂತಿದ್ದಳು. "ರೊಟ್ಟಿ, ಎಣ್ಣಿ ಬದನಿಕಾಯಿ ಮಾಡೀನಿ. ಕುಂದರೋ!"

"ಈಗಷ್ಟ ಉಂಡೀನಿ ಯಕ್ಕಾ. ಮೂರು ರೊಟ್ಟಿ, ಪುಂಡಿ ಪಲ್ಯ."

ವಾಸನೆಗೆ ಅವನ ಹೊಟ್ಟೆ ಟ್ರ್ಯಾಕ್ಟರಿನಂತೆ ಗುಡುಗಿತು. ಕೆಮ್ಮಿ ಮುಚ್ಚಿಕೊಂಡ.

ಬಸ್ ಸ್ಟ್ಯಾಂಡಿನಲ್ಲಿ ಹೋಟೆಲಿನ ಹುಸೇನ್‌ಸಾಬ್ ಕೈ ಹಿಡಿದೇಬಿಟ್ಟ. "ಬಿಸಿ ಮಿರ್ಚಿ ತೆಗದೀನಿ, ಬಾರೋ ಯಂಕೋಬಣ್ಣ!"

"ಮಾರೆಮ್ಮಕ್ಕ ಹೊಟ್ಟಿ ಬಿರಿಯಂಗ ಉಣಿಸ್ಯಾಳೋ ಮಾರಾಯ!" ಅಂತ ಬಸ್ಸು ಹತ್ತಿ ಪಾರಾದ.

ದವಾಖಾನೆಯಲ್ಲಿ ಎಲ್ಲ ಸುಸೂತ್ರ. ಹಸಿರು ಅಂಗಿ ತೊಡಿಸಿದರು. "ಏನರ ತಿಂದೀರೇನ್ರಿ?" ಅಂತ ಡಾಕ್ಟರ್ ಭಾರತಿ ಕೇಳಿದರು.

"ಒಂದು ತುತ್ತೂ ಇಲ್ರಿ!" ಯಂಕೋಬ ಹೆಮ್ಮೆಯಿಂದ ಹೇಳಿದ.

"ಅಯ್ಯ ಇವನ!" ಬಾಗಿಲಲ್ಲಿ ಮಾರೆಮ್ಮ. ಹಿಂದೆ ಹುಸೇನ್‌ಸಾಬ್. ಜೀವ ತಡೆಯದೆ ಇಬ್ಬರೂ ಮುಂದಿನ ಬಸ್ಸಿಗೇ ಬಂದಿದ್ದರು. "ಉಪಾಸ ಕಳಿಸಿದ್ವಿ ಅಂತ ಓಣಿ ಮರ್ಯಾದಿ ತೆಗೀತಾನಲ್ರಿ! ಮನ್ಯಾಗ ಮೂರು ರೊಟ್ಟಿ ತಿಂದೀನಿ ಅಂತ ಇವನೇ ಹೇಳ್ಯಾನ!"

"ಮಾರೆಮ್ಮನ ಮನ್ಯಾಗೂ ಉಂಡೀನಿ ಅಂದಾನ್ರಿ," ಹುಸೇನ್‌ಸಾಬ್ ಸಾಕ್ಷಿ ನುಡಿದ.

"ಸುಳ್ಳು ಹೇಳಿದ್ನಿರಿ!" ಯಂಕೋಬ ಚೀರಿದ.

"ಅವರಿಗೋ, ನನಗೋ?" ಡಾಕ್ಟರ್ ಕೇಳಿದರು.

ಜೊತೆಗೆ ಬಂದಿದ್ದ ಯಮನಮ್ಮ, ಗಂಡ ಏನೂ ತಿಂದಿಲ್ಲ ಅಂತ ಆಣೆ ಇಟ್ಟಳು. ಡಾಕ್ಟರ್ ನಕ್ಕರು, ಆದರೆ ಒಪ್ಪಲಿಲ್ಲ. "ಜೀವದ ಪ್ರಶ್ನಿ ಐತಿ, ಅನುಮಾನ ಇಟ್ಕೊಂಡು ಮಾಡಂಗಿಲ್ಲ. ಇಲ್ಲೇ ಅಡ್ಮಿಟ್ ಆಗ್ರಿ, ನಾಳೆ ಮುಂಜಾನಿ ಮೊದಲ ಪಾಳಿ ನಿಮ್ದೇ. ಹೆದರಬ್ಯಾಡ್ರಿ, ನಾಟಿ ಹೊತ್ತಿಗೆ ಏರಿ ಹತ್ತೇ ಹತ್ತತೀರಿ. ಈಗ ಏನರ ಉಣ್ರಿ."

ನಾಳೆ ಆಗೇ ಆಗುತ್ತದೆ ಅಂದ ಮೇಲೆ ಯಂಕೋಬನ ಮನಸ್ಸು ಹಗುರಾಯಿತು. ಹಸಿವು ಮಾತ್ರ ಈಗ ಎರಡು ಪಟ್ಟಾಯಿತು. ನಾಚಿಕೆ ಬಿಟ್ಟು ಕೈ ಚಾಚಿದ.

"ಯಕ್ಕಾ, ಆ ಬದನಿಕಾಯಿ ಡಬ್ಬಿ ಕೊಡಬೇ."

ಮಾರೆಮ್ಮ ಖಾಲಿ ಡಬ್ಬಿ ತೆರೆದು ತೋರಿಸಿದಳು.

"ನೀ ಉಂಡೀನಿ ಅಂದೆಲ್ಲೋ ತಮ್ಮಾ. ಬಸ್ಸಿನಾಗ ನಾವಿಬ್ಬರೂ ತಿಂದು ಮುಗಿಸಿದ್ವಿ."