ತಾರಸಿಯ ಲೆಟಿಸ್ಸಿಗೆ ಬಂದ ಕಾಯಿಲೆ

ತಲೆ ಕೆಡುವಂಥ ಸಂಗತಿ ಬೇರೆಯವರಿಗೆ ಯಾವಾಗಲೋ ಒಮ್ಮೆ ಎದುರಾಗುತ್ತದೆ. ನಾನು ನವಿ ಮುಂಬಯಿಯ ಘಣಸೋಲಿಯ ಈ ತಾರಸಿ ಹತ್ತಿದಾಗಲೆಲ್ಲ ಒಂದು ಕಾದಿರುತ್ತದೆ. ಕೆಳಗೆ ಉಡುಪಿ ಕಡೆಯ ನಮ್ಮ ಧಣಿಯ ಹೋಟೆಲ್. ಮೇಲೆ ಹಸಿರು ಬಲೆಯ ಶೆಡ್ಡಿನಲ್ಲಿ, ಟ್ರೇಗಳ ಮಣ್ಣಿನಲ್ಲಿ, ಸ್ಯಾಂಡ್‌ವಿಚ್ಚಿಗೆ ಬೇಕಾಗುವ ಲೆಟಿಸ್ ಸೊಪ್ಪು. ನೋಡಿಕೊಳ್ಳುವವನು ನಾನು. ಬಿಎಸ್‌ಸಿಯಲ್ಲಿ ಬಾಟನಿ ಓದಿದ್ದೇ ನನ್ನ ಗ್ರಹಚಾರ.

ಧಣಿಗೆ ಗೊತ್ತಿರುವುದು ದೋಸೆ ಹಿಟ್ಟು. ನಿನ್ನೆಯದು ಒಂದು ಸೌಟು ಬೆರೆಸದೆ ಇವತ್ತಿನದು ಉಬ್ಬುವುದಿಲ್ಲ ಎಂದು ಅಡುಗೆ ಭಟ್ಟರನ್ನು ದಿನಾ ಬೈಯುತ್ತಾರೆ.

ಇಲ್ಲದ ಹುಳ

ಮೊದಲ ಸಲ ಎಲೆಯ ನರಗಳು ಬಿಳಚಿ ಅಗಲವಾದವು, ಎಲೆ ಸುಕ್ಕುಗಟ್ಟಿತು. "ಹುಳ ಮಾರಾಯ, ಮದ್ದು ಹೊಡಿ!" ಅಂದರು ಧಣಿ. ಭೂತಗನ್ನಡಿ ಹಿಡಿದು ಹುಡುಕಿದರೂ ಒಂದು ಹುಳವೂ ಸಿಗಲಿಲ್ಲ. ಆದರೂ ಹೊಡೆದೆ. ಎಲೆ ಹಾಗೇ ಇತ್ತು.

"ಹುಳ ಸತ್ತಿತಾ?"

"ಇರಲೇ ಇಲ್ಲ ಧಣಿ."

"ಈಗ ಇಲ್ಲ ಅಲ್ವಾ? ಒಳ್ಳೆ ಮದ್ದು ಅದು!"

ಎರಡನೇ ಬೆಳೆಯೂ ಹಾಗೇ ಆಯಿತು. ಧಣಿಯ ನಗು ನಿಂತಿತು. "ಇನ್ನೊಂದು ಬೆಳೆ ನೋಡುವ. ಅದೂ ಹಾಳಾದರೆ ಶೆಡ್ ಕಿತ್ತು ಪಾರ್ಟಿ ಹಾಲ್ ಮಾಡುವುದು. ನೀನು ಕೆಳಗೆ ಪ್ಲೇಟ್ ಎತ್ತಲಿಕ್ಕೆ ಬಾ." ಈ ವಯಸ್ಸಿನಲ್ಲಿ ಪ್ಲೇಟ್ ಎತ್ತುವುದೇ!

ರೈಲಿನ ಲೆಕ್ಕ

ಕಲ್ಯಾಣದಿಂದ ಸಸ್ಯರೋಗದ ಮೇಡಂ ಒಬ್ಬರನ್ನು ಕರೆಸಿದೆ. ಅವರು ಬೇರು ಕಿತ್ತು ನೋಡಿ ಹೇಳಿದರು: "ಕಾಯಿಲೆ ವೈರಸ್ಸಿನದು. ಆದರೆ ಅದು ತಾನಾಗಿ ಬರುವುದಿಲ್ಲ. ಮಣ್ಣಿನ ಒಂದು ಶಿಲೀಂಧ್ರದ ಬೀಜಾಣುಗಳು ನೀರಿನಲ್ಲಿ ಈಜಿ ಬೇರಿಗೆ ಹೋಗುತ್ತವೆ. ವೈರಸ್ ಅವುಗಳೊಳಗೆ ಕೂತು ಬರುತ್ತದೆ."

ಧಣಿಗೆ ಅರ್ಥವಾಗಲಿಲ್ಲ. ನನಗೂ ಅರ್ಧವೇ. ಆದರೂ ದೊಡ್ಡವನಂತೆ ವಿವರಿಸಿದೆ: "ಶಿಲೀಂಧ್ರ ಕಲ್ಯಾಣ್ ಲೋಕಲ್ ಟ್ರೇನು, ವೈರಸ್ ಪ್ಯಾಸೆಂಜರ್."

ಧಣಿ "ಅಂದರೆ ನಮ್ಮ ಲೆಟಿಸ್ ಸ್ಟೇಷನ್ನಾ? ಟಿಸಿ ಎಲ್ಲಿ ಸತ್ತಿದ್ದಾನೆ?" ಅಂದರು.

ಸೋಶಿಯಲ್ ಡಿಸ್ಟೆನ್ಸ್

ವೈರಸ್ ಎಂಬ ಮಾತು ನೀರುಣಿಸುವ ಕಲಬುರಗಿಯ ಅಕ್ಕನ ಕಿವಿಗೂ ಬಿತ್ತು. ಮರುದಿನ ನೋಡುತ್ತೇನೆ, ಟ್ರೇಗಳನ್ನೆಲ್ಲ ದೂರ ದೂರ ಸರಿಸಿ, ಮೂಗಿಗೆ ಸೆರಗು ಕಟ್ಟಿ ನಿಂತಿದ್ದಾಳೆ.

"ಒಂದಕ್ಕೊಂದು ತಾಕಂಗಿಲ್ಲ ನೋಡ್ರಿ ಸರ, ಹಂಗ ಇಟ್ಟೀನಿ."

ಶಹಬ್ಬಾಸ್ ಅನ್ನುವಷ್ಟರಲ್ಲಿ, ಒಂದು ಟ್ರೇಯಿಂದ ಸೋರಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮುಂದಿನದಕ್ಕೆ ಸುರಿದಳು.

"ಅಯ್ಯೋ, ಕಾಯಿಲೆ ಬರುವುದೇ ಆ ನೀರಿನಿಂದ!"

"ಟ್ಯಾಂಕರ್ ನೀರ್ರೀ ಇದು! ಚೆಲ್ಲಿದ್ರ ಧಣ್ಯಾರು ನನ್ನ ಜೀವಾ ತೆಗಿತಾರ. ವೈರಸ್ಸಾದ್ರ ಗಿಡದ್ದಷ್ಟ ತೆಗಿತೈತಿ."

ಒಂದು ಮುಷ್ಟಿ

ಉಳಿದದ್ದು ಕೊನೆಯ ಬೆಳೆ. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದಂತೆ, ವೈರಸ್ಸನ್ನು ಹೊಟ್ಟೆಯಲ್ಲಿಟ್ಟುಕೊಂಡು. ಮೇಡಂ ಹೇಳಿದಂತೆ ಮಣ್ಣೆಲ್ಲ ಎಸೆದು, ಟ್ರೇ ತಿಕ್ಕಿ ತೊಳೆದು, ಬದಲಾಪುರದಿಂದ ಹೊಸ ತೆಂಗಿನ ನಾರಿನ ಪುಡಿ ತರಿಸಿದೆ. ಅಕ್ಕನ ಬಕೆಟ್ಟನ್ನೂ ಬಚ್ಚಿಟ್ಟೆ. ಸಸಿಗಳು ಲಕಲಕ ಎದ್ದವು. ಆಮೇಲೊಂದು ಬೆಳಿಗ್ಗೆ ನೋಡಿದರೆ ಅದೇ ಬಿಳಚಿದ ನರ! ಅಳುವೇ ಬಂತು.

ಮೇಡಂ ಮತ್ತೆ ಬಂದರು. ಟ್ರೇ ಕೆದಕಿ ಹಣೆ ಒತ್ತಿಕೊಂಡರು. "ನಾರಿನ ಪುಡಿಯಲ್ಲಿ ಕಪ್ಪು ಮಣ್ಣು ಎಲ್ಲಿಂದ ಬಂತು?"

ಹಿಂದೆ ನಿಂತಿದ್ದ ಧಣಿ ಹೆಮ್ಮೆಯಿಂದ ಎದೆ ಉಬ್ಬಿಸಿದರು. "ನಾನೇ ಹಾಕಿದ್ದು. ಇವನು ಎಸೆಯುವ ಮೊದಲೇ ಸ್ವಲ್ಪ ತೆಗೆದಿಟ್ಟಿದ್ದೆ. ಟ್ರೇಗೆ ಒಂದೊಂದು ಮುಷ್ಟಿ. ಹಳೆಯದು ಸೇರದೆ ಹೊಸದು ಉಬ್ಬುತ್ತದಾ ಮೇಡಂ?"

ನನಗೆ ಸಿಟ್ಟು ನೆತ್ತಿಗೇರಿತು. "ಧಣಿ, ಈಗ ಪ್ಲೇಟ್ ಎತ್ತಲಿಕ್ಕೆ ಯಾರು ಹೋಗಬೇಕು?"

ಅವರ ಮುಖ ಸಣ್ಣದಾಯಿತು. "ಪಾರ್ಟಿ ಹಾಲ್ ಬೇಡ ಬಿಡು ಮಾರಾಯ. ಇನ್ನೊಂದು ಬೆಳೆ ಮಾಡು. ಮಣ್ಣೆಲ್ಲ ನೀನೇ ಎಸೆ."

ಎಲ್ಲ ಎಸೆದು, ಕೈ ತೊಳೆದು, ನೀರು ಕುಡಿಯೋಣವೆಂದು ಕೆಳಗಿಳಿದು ಹೋಟೆಲಿನ ಫ್ರಿಜ್ ತೆರೆದೆ. ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಕಪ್ಪು ಮಣ್ಣು.

ಗಲ್ಲಾದಿಂದ ಧಣಿ ಕೂಗಿದರು: "ಅದನ್ನು ಮುಟ್ಟಬೇಡ! ಮುಂದಿನ ಬೆಳೆಗೆ ಇಟ್ಟದ್ದು!"