ಮೂರನೆಯ ಸಲ ಕೇಳುವವರೆಗೆ

ನನ್ನ ಸೋದರತ್ತೆ ಇಂದಿರಾನಗರದ ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಹೋಗಿ, ಮೇಜಿನ ತುಂಬ ಊಟವಿದ್ದರೂ ಹಸಿದುಕೊಂಡೇ ವಾಪಸು ಬಂದವರು. ಕಾರಣ ಕಾಯಿಲೆಯಲ್ಲ, ವ್ರತವಲ್ಲ, ಕೋಪವೂ ಅಲ್ಲ. ಅವರಿಗೆ ಮರ್ಯಾದೆ ಗೊತ್ತಿತ್ತು, ಅಷ್ಟೆ. ಆಮೇಲೆ ಅದೇ ಹೋಟೆಲಿಗೆ ಮತ್ತೆ ಹೋಗಿ ಅವರು ಮಾಡಿದ್ದನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಆ ನಡುಕ ಇನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ನಿಧಾನವಾಗಿ, ಕಂಡಷ್ಟನ್ನೇ, ಕಂಡ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಆ ಮರ್ಯಾದೆಯ ವಿಚಾರ. ಅತ್ತೆಯ ಮನೆ ಕೃಷ್ಣರಾಜಪುರದಲ್ಲಿ. ಸೊಪ್ಪು, ಹೂವು ಬೆಳೆಯುತ್ತಿದ್ದ ಹೊಲ ಈಗ ಬಾಡಿಗೆ ಮನೆಗಳ ಸಾಲಾಗಿದೆ. ಮಾವ ತೀರಿಕೊಂಡ ಮೇಲೆ ಅದನ್ನೆಲ್ಲ ಅತ್ತೆಯೇ ನೋಡಿಕೊಳ್ಳುತ್ತಾರೆ. ಹೊಲ ಹೋದರೂ ಹೊಲದ ಕಾಲದ ಪದ್ಧತಿ ಹೋಗಿಲ್ಲ. ಆ ಪದ್ಧತಿಯಲ್ಲಿ ಮೊದಲ ‘ಬೇಡ’ ಎಂಬುದು ನಮಸ್ಕಾರದ ಹಾಗೆ, ಅದಕ್ಕೆ ಅರ್ಥವಿಲ್ಲ. ಎರಡನೆಯದು ಸಂಕೋಚ. ಮೂರನೆಯ ಸಲವೂ ಬೇಡ ಎಂದರೆ, ಹೊಟ್ಟೆ ತುಂಬಿರಬಹುದೇನೋ ಎಂದು ಅನುಮಾನ ಪಡಬಹುದು. ಆಗಲೂ ಅರ್ಧ ಮುದ್ದೆ ಬಡಿಸಲೇಬೇಕು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ತುಪ್ಪ ಇಳಿದುಹೋದದ್ದನ್ನು ನಾನು ನೋಡಿದ್ದೇನೆ. ಆ ಬೆರಳುಗಳು ನನ್ನವೇ. ಕರೆಂಟ್ ಮೀಟರ್ ನೋಡಲು ಬರುವಾತ ಈಗೀಗ ಊಟದ ಹೊತ್ತು ತಪ್ಪಿಸಿ ಬರುತ್ತಾನೆ, ಗೇಟಿನ ಹೊರಗಿನಿಂದಲೇ ಕತ್ತು ಚಾಚುತ್ತಾನೆ.

ಉಣ್ಣುವವರಿಗೂ ನಿಯಮ ಇದೇ. ಕೇಳಿದ ತಕ್ಷಣ ‘ಹಾಕಿ’ ಎನ್ನುವವರು ಅತ್ತೆಯ ದೃಷ್ಟಿಯಲ್ಲಿ ತಾಯಿತಂದೆ ನೋಡಿಕೊಳ್ಳದೆ ಬೆಳೆದವರು.

ಇಂಥವರ ಮಗಳು ತನ್ನ ಆಫೀಸಿನ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗನ ತಂದೆ ಮಿಲಿಟರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮೂಲ ಮಹಾರಾಷ್ಟ್ರ, ಮನೆ ಹಲಸೂರಿನಲ್ಲಿ. ಅವರಿಗೆ ಕನ್ನಡ ಬಾರದು, ಅತ್ತೆಗೆ ಹಿಂದಿ ಬಾರದು. ಹಾಗಾಗಿ ಮೊದಲ ಭೇಟಿ ಹೋಟೆಲಿನಲ್ಲಿ, ಇಂಗ್ಲಿಷಿನಲ್ಲಿ ಎಂದು ತೀರ್ಮಾನವಾಯಿತು. ನಮ್ಮ ಕಡೆಯಿಂದ ಒಬ್ಬ ಗಂಡಸಿರಲಿ ಎಂದು ನನ್ನನ್ನೂ ಕರೆದುಕೊಂಡರು.

ಆ ಭೇಟಿ ಬೇಗ ಹೇಳಿ ಮುಗಿಸುವಂಥದ್ದು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ವೇಟರು ಬಗ್ಗಿ, “ವಾಟ್ ವುಡ್ ಯು ಲೈಕ್ ಟು ಹ್ಯಾವ್, ಮ್ಯಾಡಮ್?” ಎಂದ. ಅತ್ತೆ ಫೋನಿನಲ್ಲಿ ವಿಡಿಯೊ ನೋಡಿ ಕಲಿತಿದ್ದ ಮಾತನ್ನು ಬಹಳ ಚೆಂದವಾಗಿ ಹೇಳಿದರು: “ನಥಿಂಗ್, ಥ್ಯಾಂಕ್ ಯು.” ಅದು ಮೊದಲನೆಯ ಬೇಡ. ವೇಟರು ಮುಗುಳ್ನಕ್ಕು ಪಕ್ಕದವರ ಕಡೆ ತಿರುಗಿದ. ಅತ್ತೆ ಎರಡನೆಯ ಬೇಡವನ್ನು ತುಟಿಯ ಮೇಲೆ ಸಿದ್ಧವಾಗಿಟ್ಟುಕೊಂಡು ಕಾದರು. ಅವನು ಬರಲೇ ಇಲ್ಲ.

ಹುಡುಗನ ತಾಯಿಯೂ ಸೂಪೊಂದನ್ನು ಮಾತ್ರ ಹೇಳಿದರು. “ಷಿ ನೆವರ್ ಈಟ್ಸ್ ಔಟ್‌ಸೈಡ್” ಎಂದರು ಅವರ ಗಂಡ. ಮಗಳು ಗಾಬರಿಯಿಂದ ತನ್ನ ಅಮ್ಮನಿಗೂ ಒಂದು ಸೂಪು ತರಿಸಿದಳು. ಇಬ್ಬರು ತಾಯಂದಿರೂ ಎದುರುಬದುರು ಕೂತು ಸೂಪು ಕುಡಿದರು, ಆಸ್ಪತ್ರೆಯ ಒಂದೇ ವಾರ್ಡಿನ ರೋಗಿಗಳ ಹಾಗೆ.

ಮೆಟ್ರೊದಲ್ಲಿ ವಾಪಸಾಗುವಾಗ ಬೈಯಪ್ಪನಹಳ್ಳಿ ದಾಟಿದ ಮೇಲೆ ಅತ್ತೆ, “ಇನ್ನೊಂದ್ ಮಾತು ಕೇಳ್ಲಿಲ್ವಲ್ಲೋ ಅವ್ನು” ಎಂದರು.

“ಬೇಡ ಅಂದ್ರಲ್ಲ ಅತ್ತೆ.”

“ಬೇಡ ಅಂದ್ರೆ ಬೇಡ ಅಂತಾನಾ?”

ಅಷ್ಟರಲ್ಲಿ ಮಗಳು ಹೇಳಿದಳು: “ಬಿಡಮ್ಮ, ಮುಂದಿನ ಸಲ ನಿನ್ ಊಟ ನಾನೇ ಆರ್ಡರ್ ಮಾಡ್ತೀನಿ. ನೀನು ಸುಮ್ನೆ ಕೂತ್ಕೊ.”

ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಅತ್ತೆಯ ಮುಖ ಬದಲಾದದ್ದನ್ನು ಎದುರಿನ ಸೀಟಿನಿಂದ ನಾನು ಕಂಡೆ. ಮರುದಿನ ನನಗೆ ಫೋನು ಬಂತು. “ಇವತ್ತು ನನ್ ಊಟ ಅವ್ಳು ಹೇಳ್ತಾಳೆ. ನಾಳೆ ನನ್ ಮಾತೂ ಅವ್ಳೇ ಹೇಳ್ತಾಳೆ. ಮದ್ವೆ ಮಾತಾಡಕ್ಕೆ ಮತ್ತೆ ಅಲ್ಲಿಗೇ ಕರೆದಿದಾರೆ. ನನ್ ಊಟ ನಾನೇ ಕೇಳ್ಬೇಕು. ಇಂಗ್ಲಿಷಲ್ಲೇ. ಬಂದು ಕಲ್ಸು.”

ಹೀಗೆ ನಾನು ಹೆಗಲ ಮೇಲೆ ಟವೆಲು ಹಾಕಿಕೊಂಡು ಅತ್ತೆಯ ಅಡುಗೆಮನೆಯಲ್ಲಿ ವೇಟರಾದೆ. ‘ಕುಡ್ ಐ ಪ್ಲೀಸ್ ಹ್ಯಾವ್’ ಅವರಿಗೆ ಒಂದೇ ಸಂಜೆಯಲ್ಲಿ ಬಂತು. ನನ್ನ ಅನುಮತಿಗೆ ಕಾಯದೆ ಅದನ್ನು ಹೊರಗೂ ಪ್ರಯೋಗಿಸಿದರು. ಸ್ಟೇಷನ್ನಿನ ಹತ್ತಿರದ ದರ್ಶಿನಿಯಲ್ಲಿ ಬೆಳಗಿನ ನೂಕುನುಗ್ಗಲಿನ ನಡುವೆ, ಕಾವಲಿಯ ಮುಂದೆ ನಿಂತಿದ್ದವನಿಗೆ, “ಎಕ್ಸ್‌ಕ್ಯೂಸ್ ಮಿ, ಕುಡ್ ಐ ಪ್ಲೀಸ್ ಹ್ಯಾವ್ ಒನ್ ಖಾಲಿ ದೋಸೆ, ಇಫ್ ಇಟ್ ಈಸ್ ನೋ ಟ್ರಬಲ್?” ಎಂದರು. ಸೌಟು ಗಾಳಿಯಲ್ಲೇ ನಿಂತಿತು. ಅವನು, “ಅಮ್ಮಾ, ನಿನ್ನೆ ದೋಸೆ ಚೆನ್ನಾಗಿರ್ಲಿಲ್ವಾ? ನೇರವಾಗಿ ಬೈದ್ಬಿಡಿ, ಪರವಾಗಿಲ್ಲ” ಎಂದ.

ಕಷ್ಟವಿದ್ದದ್ದು ಇಂಗ್ಲಿಷಿನಲ್ಲಿ ಅಲ್ಲ. ‘ಹ್ಯಾವ್’ ಆದ ಮೇಲೆ ಒಂದು ತಿಂಡಿಯ ಹೆಸರು ಬರಬೇಕಲ್ಲ, ಅಲ್ಲಿ ಅತ್ತೆ ನಿಂತುಬಿಡುತ್ತಿದ್ದರು.

“ನಿಮಗೆ ಏನು ಬೇಕು, ಹೇಳಿ ಅತ್ತೆ.”

“ಏನಿದೆ?”

“ಎಲ್ಲಾ ಇದೆ.”

“ಏನ್ ಉಳ್ದಿದ್ಯೋ ಅದೇ ಕೊಡು.”

“ಹೋಟೆಲಲ್ಲಿ ಹಾಗೆ ಹೇಳೋ ಹಾಗಿಲ್ಲ.”

“ಯಾಕೆ? ಎಲ್ರದ್ದೂ ಆದ್ಮೇಲೆ ತಾನೇ ನನ್ ಸರದಿ?”

ಇನ್ನೊಂದು ಸಂಜೆ ನಾನು ಬಸ್ಸಾರಿನ ಪಾತ್ರೆ ಹಿಡಿದು “ಎನಿಥಿಂಗ್ ಎಲ್ಸ್, ಮ್ಯಾಡಮ್?” ಎಂದೆ. “ನೋ, ಥ್ಯಾಂಕ್ ಯು” ಎಂದರು. ವೇಟರ ಧರ್ಮದಂತೆ ತಟ್ಟೆ ಎತ್ತಿದೆ. “ಒಂದ್ಸಲ ಅಂದಿದ್ದಕ್ಕೆ ತಟ್ಟೆ ಎತ್ತ್‌ಕೊಂಡ್ ಹೋಗ್ತೀಯೇನೋ? ನಿಮ್ಮಪ್ಪ ಇದೇನಾ ಕಲ್ಸಿದ್ದು?” ಎಂದು ಟವೆಲು ಕಿತ್ತುಕೊಂಡರು. ಪಾಠ ಅಂದಿಗೆ ಮುಗಿಯಿತು. ಉಳಿದ ಬಸ್ಸಾರನ್ನು ನಾನೇ ಉಂಡೆ; ಬೇಡ ಎಂದೆ, ಅದು ಅಲ್ಲಿ ನಡೆಯುತ್ತದೆಯೆ?

ಎರಡನೆಯ ಭೇಟಿಯ ದಿನ ಬಂತು. ಅದೇ ಹೋಟೆಲು, ಅದೇ ಮೇಜು, ಅದೇ ವೇಟರು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ವೇಟರು ಅತ್ತೆಯ ಕಡೆ ಬಗ್ಗಿದ.

“ಫಾರ್ ಮೈ ಮದರ್…” ಎಂದು ಮಗಳು ಶುರು ಮಾಡಿದಳು.

ಅತ್ತೆ ಕೈ ಎತ್ತಿದರು. ರಸ್ತೆಯಲ್ಲಿ ಲಾರಿ ನಿಲ್ಲಿಸುವ ಪೊಲೀಸನಂತೆ, ಆದರೆ ಮೆಲ್ಲಗೆ. ಮೆನು ಮುಚ್ಚಿ ಮೇಜಿನ ಮೇಲಿಟ್ಟರು. “ಕುಡ್ ಐ ಪ್ಲೀಸ್ ಹ್ಯಾವ್,” ಎಂದು ಉಸಿರು ತೆಗೆದುಕೊಂಡರು. ಅಲ್ಲೇ ನಿಂತರು. ಆಮೇಲೆ ಒಂದೊಂದೇ ಪದ ಇಳಿಯಿತು: “ದ ಗ್ರಿಲ್ಡ್ ಚಿಕನ್. ನಾಟ್ ಟೂ ಡ್ರೈ, ಇಫ್ ಯು ಡೋಂಟ್ ಮೈಂಡ್.”

“ಸರ್ಟನ್ಲಿ, ಮ್ಯಾಡಮ್,” ಎಂದ ವೇಟರು.

ಮಗಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಅದುರುತ್ತಿರಲಿಲ್ಲ. ವೇಟರು ಹುಡುಗನ ತಾಯಿಯ ಕಡೆ ತಿರುಗಿದ. “ಜಸ್ಟ್ ಸೂಪ್, ಥ್ಯಾಂಕ್ ಯು,” ಎಂದರು ಅವರು. ಅವನು ಹೊರಡಲು ಹೆಜ್ಜೆ ಎತ್ತಿದ.

“ಎಕ್ಸ್‌ಕ್ಯೂಸ್ ಮಿ,” ಎಂದರು ಅತ್ತೆ. ಹೆಜ್ಜೆ ನಿಂತಿತು. “ಪ್ಲೀಸ್ ಆಸ್ಕ್ ಹರ್ ಅಗೇನ್.”

ಇದನ್ನು ನಾನು ಕಲಿಸಿರಲಿಲ್ಲ. ವೇಟರು ಎಲ್ಲರ ಮುಖ ನೋಡಿ ಮತ್ತೆ ಕೇಳಿದ. “ನೋ ನೋ, ಸೂಪ್ ಈಸ್ ಎನಫ್.”

“ಒನ್ ಮೋರ್ ಟೈಮ್, ಪ್ಲೀಸ್.”

“ಷಿ ನೆವರ್ ಈಟ್ಸ್…” ಎಂದು ಗಂಡ ಬಾಯಿ ಹಾಕಿದರು. ಅತ್ತೆ ಅವರ ಕಡೆಗೂ ಅದೇ ಕೈ ಎತ್ತಿದರು. ಸೈನ್ಯದ ತುಕಡಿ ನಡೆಸಿದ್ದ ಮನುಷ್ಯ ಅಲ್ಲೇ ಮಾತು ನಿಲ್ಲಿಸಿದರು. ವೇಟರು ಮೂರನೆಯ ಸಲ ಕೇಳಿದ. ಆ ಹೆಂಗಸು ಅತ್ತೆಯನ್ನೇ ನೋಡಿದರು. ನೋಡುತ್ತ ನೋಡುತ್ತ ನಗು ಒಡೆಯಿತು. “ಫಿಶ್,” ಎಂದರು. “ಬಿಗ್ ಒನ್.”

ಆಮೇಲೆ ಗೊತ್ತಾಯಿತು: ಅವರ ಕಡೆಯೂ ಇದೇ ಪದ್ಧತಿಯಂತೆ. ಒತ್ತಾಯ ಮಾಡದೆ ಬಡಿಸಿದರೆ ಅದು ಊಟವೇ ಅಲ್ಲವಂತೆ. ಮೊದಲ ಭೇಟಿಯ ದಿನ ಅವರೂ ಮನೆಗೆ ಹೋಗಿ, ಸೀರೆಯನ್ನೂ ಬದಲಿಸದೆ, ಒಲೆಯ ಮುಂದೆ ನಿಂತೇ ತಣ್ಣಗಿನ ಭಾಕ್ರಿ ರೊಟ್ಟಿ ತಿಂದಿದ್ದರಂತೆ. ಗಂಡ ಅದನ್ನು ಆಗಲೇ ಮೊದಲು ಕೇಳಿದ್ದು. ಅವರು ಚಮಚ ಕೆಳಗಿಟ್ಟು ಬಹಳ ಹೊತ್ತು ಹೆಂಡತಿಯ ತಟ್ಟೆಯನ್ನೇ ನೋಡುತ್ತಿದ್ದರು. ಮದುವೆಯ ಮಾತು ಐಸ್‌ಕ್ರೀಮ್ ಬರುವುದರೊಳಗೆ ಮುಗಿಯಿತು. ಮುಗಿಸಿದ್ದು ಇಬ್ಬರು ಬೀಗಿತ್ತಿಯರೇ, ಒಬ್ಬರ ತಟ್ಟೆಗೆ ಒಬ್ಬರು ಬಡಿಸುತ್ತ. ವೇಟರು ದೂರದಲ್ಲಿ ಕೈಕಟ್ಟಿ ನಿಂತಿದ್ದ. ಅವನಿಗೆ ಅಲ್ಲಿ ಕೆಲಸವಿರಲಿಲ್ಲ.

ಇಷ್ಟು ಗೆದ್ದ ಮೇಲೆ ಅತ್ತೆ ಬದಲಾದರೇ? ಎಲ್ಲಿಯದು! ನಿಶ್ಚಿತಾರ್ಥದ ದಿನ ಮನೆಯಲ್ಲಿ ನೂಲಿನ ಸೀರೆಯ ಸೆರಗು ಸಿಕ್ಕಿಸಿಕೊಂಡು, ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸಿ ಕಟ್ಟುತ್ತ ನಿಂತಿದ್ದರು. ನೆಂಟರು ಪಂಕ್ತಿಯಲ್ಲಿ ಕೂತಾಗಿತ್ತು. ಇನ್ನೂ ಬಡಿಸಿರಲಿಲ್ಲ. ಆಗ ಅವರ ಮಗಳು ಬಾಗಿಲಲ್ಲಿ ನೇತುಹಾಕಿದ್ದ ನನ್ನ ಹಳೆಯ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಅಮ್ಮನ ಮುಂದೆ ಬಂದು ನಿಂತಳು.

“ಅಮ್ಮ, ನಿಂಗೇನ್ ಬೇಕು?”

“ನಂಗೇನ್ ಬೇಡ ಕಣೆ. ದಾರಿ ಬಿಡು, ಜನ ಕಾಯ್ತಾವ್ರೆ.”

ಅವಳು ದಾರಿ ಬಿಡಲಿಲ್ಲ. “ನಿಂಗೇನ್ ಬೇಕಮ್ಮ?”

“ಆಮೇಲೆ ಉಣ್ತೀನಿ. ಏನ್ ಉಳಿಯುತ್ತೋ…”

“ನಿಂಗ್ ಏನ್ ಬೇಕು?”

ಅತ್ತೆಯ ಕೈಗೆಲ್ಲ ರಾಗಿ ಹಿಟ್ಟು ಮೆತ್ತಿತ್ತು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಎಷ್ಟು ಮುದ್ದೆ ಕಟ್ಟಿದ್ದರೋ. ಅವರ ಪಾಲಿಗೆ ಬಂದದ್ದು ಯಾವಾಗಲೂ ಪಾತ್ರೆಯ ತಳದ್ದು, ಆರಿದ್ದು. ಅವರು ಪಾತ್ರೆಯ ಕಡೆ ನೋಡಿದರು, ಪಂಕ್ತಿಯ ಕಡೆ ನೋಡಿದರು, ಆಮೇಲೆ ಮಗಳ ಕಡೆ.

“ಮೊದಲ್ನೇ ಮುದ್ದೆ,” ಎಂದರು, ಪಿಸುಮಾತಿನಲ್ಲಿ. “ಬಿಸೀದು. ಇನ್ನೂ ಯಾರ್ಗೂ ಬಡಿಸ್ದೇ ಇರೋದು.”

ಮಗಳು ಅದನ್ನೇ ತಟ್ಟೆಗಿಟ್ಟು, ಸಾರು ಬಿಟ್ಟು, ಅಲ್ಲೇ ಒಲೆಯ ಪಕ್ಕ ಮಣೆ ಹಾಕಿದಳು. ಪಂಕ್ತಿ ಕಾಯಿತು. ಅತ್ತೆ ಕೂತು ಉಂಡರು. ಬಡಿಸಲು ನಾನು ಟವೆಲು ಕೇಳಿದೆ, ಅವಳು ಕೊಡಲಿಲ್ಲ.